ಲಾ ಓದೋದು ಸರಿ, ಪಿಯುಸಿ ಆದ್ಮೇಲೋ ಡಿಗ್ರಿ ಆದ್ಮೇಲೋ?

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ವಿವರಕ್ಕೆ ಆಮೇಲೆ ಹೋಗೋಣ. ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸ್ ಮಾಡಿದವರಿಗೂ, ಬಿಎನೋ ಬಿಕಾಮೋ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವರಿಗೂ ಸಿಗೋ ಸನ್ನದು, ಅಂದ್ರೆ ವಕೀಲಿ ಮಾಡೋಕೆ ಕೊಡೋ ಪರವಾನಗಿ, ಒಂದೇ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಇಬ್ಬರಿಗೂ ಅದೇ ಫೀಸು, ಅದೇ ಬಾರ್ ಪರೀಕ್ಷೆ. ವಕಾಲತ್ತು ಹಾಕಿ ನಿಂತಾಗ ಯಾವ ಜಡ್ಜೂ "ನಿಮ್ಮದು ಮೂರು ವರ್ಷದ್ದಾ, ಐದು ವರ್ಷದ್ದಾ" ಅಂತ ಕೇಳಲ್ಲ. ಕಕ್ಷಿದಾರರಂತೂ ಕೇಳೋದೇ ಇಲ್ಲ, ಅವರಿಗೆ ಮುಂದಿನ ಡೇಟ್ ಯಾವತ್ತು ಅನ್ನೋದೇ ಚಿಂತೆ.

ಇಷ್ಟು ಹೇಳಿದ್ದು ಯಾಕೆಂದರೆ, ನಮ್ಮ ಮಂಡ್ಯ, ಮೈಸೂರು ಕಡೆ ಪಿಯುಸಿ ರಿಸಲ್ಟ್ ಬಂದ ವಾರ ವಕೀಲರ ಆಫೀಸಿಗೆ ಕೇಸಿನ ಕಾಗದದ ಜೊತೆ ಮಕ್ಕಳ ಮಾರ್ಕ್ಸ್ ಕಾರ್ಡೂ ಬರುತ್ತದೆ. "ಸಾರ್, ಹುಡ್ಗಿ ಲಾಯರ್ ಆಯ್ತೀನಿ ಅಂತ ಕುಂತವ್ಳೆ. ಈಗ್ಲೇ ಐದು ವರ್ಷದ್ದಕ್ಕೆ ಸೇರಿಸ್ಬುಡ್ಲಾ?" ಪಕ್ಕದ ಕುರ್ಚಿಯಲ್ಲಿ ಕೂತ ಇನ್ಯಾರೋ ಆಗಲೇ ತೀರ್ಪು ಕೊಟ್ಟಾಗಿರುತ್ತದೆ: ಐದು ವರ್ಷದ್ದೇ ಒರಿಜಿನಲ್ ಲಾ, ಮೂರು ವರ್ಷದ್ದು ಸುಮ್ನೆ ಟೈಂಪಾಸ್‌ಗೆ ಮಾಡೋದು. ಇದು ಶುದ್ಧ ತಪ್ಪು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ತರಗತಿ ಶುರುಮಾಡಿದ ಮೇಲೆಯೇ ಐದು ವರ್ಷದ ಕೋರ್ಸ್‌ಗೆ ದೇಶದಲ್ಲಿ ಈಗಿನ ಹೆಸರು ಬಂದದ್ದು. ಅದಕ್ಕೂ ಮುಂಚಿನವರಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿ ಲಾ ಓದಿದವರೇ. ಪಾಂಡವಪುರ ತಾಲ್ಲೂಕಿನಲ್ಲಿ ಹುಟ್ಟಿ 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಓದಿದ್ದು ಹಾಗೆಯೇ. ಸಿದ್ದರಾಮಯ್ಯನವರು ಮೈಸೂರಿನಲ್ಲಿ ಬಿಎಸ್ಸಿ ಮಾಡಿ ಆಮೇಲೆ ಲಾ ಓದಿ, ಇಲ್ಲೇ ಕೋರ್ಟಿಗೆ ಹೋಗುತ್ತಿದ್ದವರು. ಹಾಗಾಗಿ ಮೇಲು ಕೀಳಿನ ಲೆಕ್ಕ ಬಿಟ್ಟುಬಿಡಿ.

ವ್ಯತ್ಯಾಸ ಇಲ್ಲ ಅಂತಲ್ಲ. ಇದೆ, ಜಾಸ್ತಿಯೇ ಇದೆ. ಆದರೆ ಜನ ಹುಡುಕೋ ಜಾಗದಲ್ಲಿ ಇಲ್ಲ.

ವರ್ಷದ ಲೆಕ್ಕ

ಐದು ವರ್ಷದ ಕೋರ್ಸ್‌ನಲ್ಲಿ ಎರಡು ಡಿಗ್ರಿ ಒಟ್ಟಿಗೆ ಬರುತ್ತವೆ. ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ, ಬಿಕಾಂ ಎಲ್‌ಎಲ್‌ಬಿ, ಹೀಗೆ. ಮೊದಲ ವರ್ಷಗಳಲ್ಲಿ ಇಂಗ್ಲಿಷ್, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಂಥವು ಇರುತ್ತವೆ, ಜೊತೆಗೆ ಲಾ ಒಂದೊಂದಾಗಿ ಸೇರಿಕೊಳ್ಳುತ್ತದೆ, ಕೊನೆಗೆ ಪೂರ್ತಿ ಲಾ. ಹದಿನೆಂಟಕ್ಕೆ ಸೇರಿದರೆ ಇಪ್ಪತ್ತಮೂರಕ್ಕೆ ಆಚೆ ಬರುತ್ತೀರಿ. ಇನ್ನೊಂದು ದಾರಿಯಲ್ಲಿ ಡಿಗ್ರಿಗೆ ಮೂರು, ಲಾಗೆ ಮೂರು, ಒಟ್ಟು ಆರು. ಕರ್ನಾಟಕದಲ್ಲಿ ನಡುವೆ ನಾಲ್ಕು ವರ್ಷದ ಡಿಗ್ರಿ ಬಂದು 2024–25ರಿಂದ ಮತ್ತೆ ಮೂರಕ್ಕೇ ಬಂತಲ್ಲ, ಹಾಗಾಗಿ ಈ ಲೆಕ್ಕ ಸದ್ಯಕ್ಕೆ ಸರಿ. ಎಂಜಿನಿಯರಿಂಗ್ ಮಾಡಿ ಲಾಗೆ ಬರೋರಿಗೆ ಏಳು ವರ್ಷ.

ಅಂದ್ರೆ ಬಿಎ, ಬಿಕಾಂ ದಾರಿಯಲ್ಲಿ ಹೋದರೆ ಜಾಸ್ತಿ ಆಗೋದು ಒಂದೇ ಒಂದು ವರ್ಷ. "ಒಂದು ವರ್ಷ ಉಳಿಯುತ್ತೆ" ಅನ್ನೋದೊಂದೇ ಕಾರಣಕ್ಕೆ ಮಗುವನ್ನು ಐದು ವರ್ಷದ್ದಕ್ಕೆ ಹಾಕೋ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು, ಆ ಒಂದು ವರ್ಷಕ್ಕೆ ಏನು ಬಿಟ್ಟುಕೊಡ್ತಿದ್ದೀರಿ ಅಂತಲೂ ನೋಡಿ.

ನಡುವೆ ಇಳಿಯೋ ಹಾಗಿಲ್ಲ

ಇಡೀ ವಿಷಯದಲ್ಲಿ ಮುಖ್ಯವಾದ್ದು ಇದು. ಸೇರೋ ಮುಂಚೆ ಇದನ್ನು ಯಾರೂ ಬಿಡಿಸಿ ಹೇಳಲ್ಲ.

ಐದು ವರ್ಷದ ಕೋರ್ಸ್ ಬೆಂಗಳೂರು–ಮೈಸೂರು ನಾನ್‌ಸ್ಟಾಪ್ ಬಸ್ ಇದ್ದ ಹಾಗೆ, ಮಂಡ್ಯದಲ್ಲಿ ನಿಲ್ಲಿಸಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್ ಅನ್ನೋದು ಇದನ್ನೇ) 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ: ಜೋಡಿ ಪದವಿಯನ್ನು ಒಡೆದು, ನಡುವೆ ಒಂದು ಡಿಗ್ರಿ ಕೊಟ್ಟು ಕಳಿಸೋ ಹಾಗಿಲ್ಲ. ಮೂರು ವರ್ಷ ಓದಿದೆ, ಆರು ಸೆಮಿಸ್ಟರ್ ಪಾಸಾದೆ, ಲಾ ಸಾಕು, ಬಿಎ ಕೊಡಿ ಅಂದರೆ ಕೊಡಲ್ಲ. ನಾಲ್ಕನೇ ವರ್ಷ ಬಿಟ್ಟರೂ ಅಷ್ಟೇ. ಕೈಯಲ್ಲಿ ಉಳಿಯೋದು ಪಿಯುಸಿ ಮಾತ್ರ.

ಇದು ಎಲ್ಲಿ ಕಚ್ಚುತ್ತೆ ನೋಡಿ. ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗಿ ಅಂದುಕೊಳ್ಳೋಣ. ಬಿಎ ಎಲ್‌ಎಲ್‌ಬಿ ಸೇರಿದಾಳೆ. ಮೂರನೇ ವರ್ಷ ಮುಗಿಯೋ ಹೊತ್ತಿಗೆ ಜೊತೆಯಲ್ಲಿ ಪಿಯುಸಿ ಓದಿದವರೆಲ್ಲ ಡಿಗ್ರಿ ಮುಗಿಸಿ ಕೆಎಎಸ್‌ಗೆ ಅರ್ಜಿ ಹಾಕುತ್ತಾರೆ, ಪಿಡಿಒ ಪರೀಕ್ಷೆಗೆ ಓದುತ್ತಾರೆ, ಬಿಎಡ್ ಸೇರುತ್ತಾರೆ, ಬ್ಯಾಂಕ್ ಪರೀಕ್ಷೆ ಬರೆಯುತ್ತಾರೆ. ಇವಳು ಡಿಗ್ರಿ ಕೇಳೋ ಯಾವುದಕ್ಕೂ ಅರ್ಜಿ ಹಾಕೋಕಾಗಲ್ಲ. ಓದಿರೋದು ಅವರಷ್ಟೇ, ಅಥವಾ ಜಾಸ್ತಿ. ಆದರೆ ಐದನೇ ವರ್ಷ ಮುಗಿಯೋವರೆಗೆ ಲೆಕ್ಕಕ್ಕೆ ಬರಲ್ಲ. ಅಷ್ಟರಲ್ಲಿ ಅಪ್ಪನ ಆರೋಗ್ಯ ಕೆಟ್ಟಿತು, ಮದುವೆ ಮಾತು ಬಂತು, ಇಲ್ಲ ಅವಳಿಗೇ ಲಾ ಬೇಜಾರಾಯ್ತು ಅಂದ್ರೆ, ಅಲ್ಲಿವರೆಗೆ ಕಟ್ಟಿದ ಫೀಸೂ ಹೋಯ್ತು, ವರ್ಷಗಳೂ ಹೋದವು.

ಉಲ್ಟಾ ಕಡೆಯಿಂದಲೂ ಬಾಗಿಲು ಮುಚ್ಚಿದೆ. ಬಿಎ ಆದವರು "ನನ್ನ ಹತ್ರ ಡಿಗ್ರಿ ಇದೆಯಲ್ಲ, ಐದು ವರ್ಷದ ಕೋರ್ಸ್‌ನ ಮೂರನೇ ವರ್ಷಕ್ಕೆ ಹಾಕಿಕೊಳ್ಳಿ" ಅಂತ ನಡುವೆ ಹತ್ತೋ ಹಾಗಿಲ್ಲ. ಅವರಿಗೆ ಮೂರು ವರ್ಷದ ಎಲ್‌ಎಲ್‌ಬಿಯ ಮೊದಲನೇ ಸೆಮಿಸ್ಟರೇ ಗತಿ.

ಹಾಗಾದ್ರೆ ಐದು ವರ್ಷದ್ದು ಬೇಡವೇ ಬೇಡ್ವಾ? ಹಾಗಲ್ಲ. ಹದಿನೆಂಟರಲ್ಲೇ ಗಟ್ಟಿಯಾಗಿರೋ ಮಕ್ಕಳಿರುತ್ತಾರೆ. ಮನೆಯಲ್ಲಿ ಜಮೀನಿನ ಕೇಸು ನೋಡಿ ಬೆಳೆದವರು, ಡಿಬೇಟ್‌ನಲ್ಲಿ ಮೈಕ್ ಬಿಡದವರು, ಪೇಪರ್‌ನಲ್ಲಿ ಕೋರ್ಟ್ ಸುದ್ದಿ ಹುಡುಕಿ ಓದೋರು. ಅಂಥವರಿಗೆ ಐದು ವರ್ಷ ಒಂದೇ ಗುಂಗಿನಲ್ಲಿ ಇರೋದು ಒಳ್ಳೆಯದೇ. ಇಂಟರ್ನ್‌ಶಿಪ್‌ಗೂ ಜಾಸ್ತಿ ಸಮಯ ಸಿಗುತ್ತದೆ. ನಿಯಮದ ಪ್ರಕಾರ ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ನನ್ನ ಆಕ್ಷೇಪ ಇರೋದು "ಸೈನ್ಸ್ ಸಿಗಲಿಲ್ಲ, ನೀಟ್ ಆಗಲಿಲ್ಲ, ಸರಿ ಲಾ ಮಾಡ್ಲಿ ಬಿಡಿ" ಅಂತ ಹಾಕೋದಕ್ಕೆ. ಬೇರೆ ಯಾವುದೂ ಆಗದ್ದಕ್ಕೆ ಲಾ ಅನ್ನೋರಿಗೆ ಐದು ವರ್ಷದ್ದು ಅಪಾಯ. ಅವರು ಡಿಗ್ರಿ ಮಾಡಲಿ. ಇಪ್ಪತ್ತೊಂದಕ್ಕೂ ಲಾ ಬೇಕು ಅನ್ನಿಸಿದರೆ ಆಗ ಬರಲಿ, ಯಾರೂ ತಡೆಯಲ್ಲ.

ನ್ಯಾಷನಲ್ ಲಾ ಸ್ಕೂಲ್ ಲೆಕ್ಕವೇ ಬೇರೆ

ಐದು ವರ್ಷದ್ದು ನಿಜವಾಗಿ ಮೇಲುಗೈ ಆಗೋದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ. ದೊಡ್ಡ ಲಾ ಫರ್ಮ್‌ಗಳು, ಕಂಪನಿಗಳು ಕ್ಯಾಂಪಸ್‌ಗೆ ಬಂದು ಕೆಲಸ ಕೊಡೋದು ಹೆಚ್ಚಾಗಿ ಇಲ್ಲಿಯ ಐದು ವರ್ಷದ ಮಕ್ಕಳಿಗೆ. ಅದಕ್ಕೆ ದಾರಿ ಕ್ಲಾಟ್, ಈ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. 120 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಪೂರ್ತಿ ಇಂಗ್ಲಿಷ್, ಅದೂ ಉದ್ದುದ್ದ ಪ್ಯಾರಾ ಓದಿ ಉತ್ತರಿಸೋದು. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಇದು ಕಷ್ಟ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಆದರೆ ಒಂದು ಅನುಕೂಲ ಇದೆ, ನಮ್ಮವರಿಗೆ ಅದು ಗೊತ್ತೇ ಇರಲ್ಲ. ಬೆಂಗಳೂರಿನ ಲಾ ಸ್ಕೂಲ್‌ನಲ್ಲಿ, ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದ ಮಕ್ಕಳಿಗೆ ಶೇ 25 ಸೀಟು ಮೀಸಲು.

ಎಡವೋದು ತಾರೀಕಿನಲ್ಲಿ. ಕ್ಲಾಟ್ ನಡೆಯೋದು ಡಿಸೆಂಬರ್‌ನಲ್ಲಿ, ಅಂದ್ರೆ ಸೆಕೆಂಡ್ ಪಿಯುಸಿ ನಡೀತಿರುವಾಗಲೇ. ರಿಸಲ್ಟ್ ಬಂದ ಮೇಲೆ ಮೇ ತಿಂಗಳಲ್ಲಿ "ಬೆಂಗಳೂರು ಲಾ ಸ್ಕೂಲ್‌ಗೆ ಹೇಗೆ ಸಾರ್ ಸೇರೋದು" ಅಂತ ಬರೋ ಹೊತ್ತಿಗೆ ಆ ಬಸ್ಸು ಹೋಗಿ ಐದು ತಿಂಗಳಾಗಿರುತ್ತದೆ. ಫೀಸು ವರ್ಷಕ್ಕೆ ಲಕ್ಷಗಳಲ್ಲಿ ಅನ್ನೋದೂ ನೆನಪಿರಲಿ, ವಿದ್ಯಾರ್ಥಿವೇತನ, ಸಾಲ ಎರಡರ ವಿಚಾರವನ್ನೂ ಮೊದಲೇ ಮಾಡಿಕೊಳ್ಳಬೇಕು.

ಈಗ ಅಲ್ಲಿಗೂ ಡಿಗ್ರಿ ಆದ್ಮೇಲೆ ಹೋಗಬಹುದು. ಬೆಂಗಳೂರಿನ ಲಾ ಸ್ಕೂಲ್ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಆನರ್ಸ್ ಶುರುಮಾಡಿದೆ, ಅದಕ್ಕೆ ಅವರದ್ದೇ ಪ್ರತ್ಯೇಕ ಪ್ರವೇಶ ಪರೀಕ್ಷೆ. ಪಿಯುಸಿಯಲ್ಲಿ ತಪ್ಪಿಸಿಕೊಂಡವರಿಗೆ ಇದು ಎರಡನೇ ಅವಕಾಶ. ಡಿಗ್ರಿಯ ಮೂರು ವರ್ಷ ಇಂಗ್ಲಿಷ್ ಪೇಪರ್ ಓದಿ ತಯಾರಾದವರಿಗೆ ಇದು ಕೈಗೆಟುಕದ್ದೇನಲ್ಲ.

ಊರಲ್ಲೇ ಓದೋದಾದ್ರೆ

ನಮ್ಮ ಕಡೆಯ ಹೆಚ್ಚಿನವರು ಓದೋದು ಇಲ್ಲೇ. ಮೈಸೂರಿನಲ್ಲಿ ಶಾರದಾ ವಿಲಾಸ, ವಿದ್ಯಾವರ್ಧಕ, ಜೆಎಸ್ಎಸ್, ಮಂಡ್ಯದಲ್ಲಿ ಪಿಇಎಸ್ ಕಾನೂನು ಕಾಲೇಜು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆದ ಮೇಲೆ ನಮ್ಮ ಕಾನೂನು ಕಾಲೇಜುಗಳು ಅದರ ಅಡಿಗೆ ಹೋದವು. ಎಂಜಿನಿಯರಿಂಗ್‌ಗೆ ಇರುವಂಥ ಸಿಇಟಿ ಇಲ್ಲಿ ಇಲ್ಲ, ಹಿಂದಿನ ಪರೀಕ್ಷೆಯ ಅಂಕದ ಮೇಲೆ ಸೀಟು.

ಎಷ್ಟು ಅಂಕ ಬೇಕು? ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗದವರಿಗೆ 42, ಎಸ್‌ಸಿ ಎಸ್‌ಟಿಗೆ 40. ಪಿಯುಸಿ 600ಕ್ಕೆ ಲೆಕ್ಕ ಹಾಕಿದರೆ 270, 252, 240. ಮೂರು ವರ್ಷದ್ದಕ್ಕೂ ಇದೇ ಶೇಕಡಾ, ಆದರೆ ಅಲ್ಲಿ ಡಿಗ್ರಿ ಅಂಕ ನೋಡುತ್ತಾರೆ. ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ತಗೊಂಡಿದ್ದರೂ ಪರವಾಗಿಲ್ಲ, ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲ ಒಂದೇ. ಪಿಯುಸಿಯಲ್ಲಿ 260 ಬಂದ ಹುಡುಗನಿಗೆ ಸಾಮಾನ್ಯ ವರ್ಗದಲ್ಲಿ ಐದು ವರ್ಷದ್ದು ಸಿಗಲ್ಲ, ಆದರೆ ಅವನೇ ಬಿಎನಲ್ಲಿ ಶೇ 55 ತೆಗೆದರೆ ಮೂರು ವರ್ಷದ್ದು ಸಿಗುತ್ತದೆ. ಹೀಗೆ ಎರಡನೇ ದಾರಿಯಿಂದ ಒಳಗೆ ಬಂದ ಎಷ್ಟೋ ಜನ ಇವತ್ತು ಒಳ್ಳೆ ಪ್ರಾಕ್ಟೀಸ್ ಮಾಡ್ತಿದ್ದಾರೆ.

ಭಾಷೆ ವಿಷಯ. ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯೋಕೆ ಅವಕಾಶ ಇದೆ, ಮೂರು ವರ್ಷದ ಕ್ಲಾಸಿನಲ್ಲಿ ಹಾಗೆ ಬರೆಯೋರು ಬೇಕಾದಷ್ಟು ಮಂದಿ. ತಾಲ್ಲೂಕು ಕೋರ್ಟಿನಲ್ಲಿ ದಾವೆ, ತಕರಾರು, ಸಾಕ್ಷಿ ಎಲ್ಲ ಕನ್ನಡದಲ್ಲೇ ನಡೆಯೋದರಿಂದ ಕನ್ನಡ ಗಟ್ಟಿ ಇರೋದು ಆಸ್ತಿ. ಆದರೆ ಹೈಕೋರ್ಟ್ ತೀರ್ಪುಗಳು ಇಂಗ್ಲಿಷ್‌ನಲ್ಲಿ. ಸಿವಿಲ್ ಜಡ್ಜ್ ಪರೀಕ್ಷೆಯಲ್ಲಿ ಭಾಷಾಂತರದ್ದೇ ಒಂದು ಪತ್ರಿಕೆ ಇದೆ, ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ. ಎರಡೂ ಬರಬೇಕು. ಕನ್ನಡ ಮೀಡಿಯಂ ಮಕ್ಕಳಿಗೆ ಡಿಗ್ರಿಯ ಮೂರು ವರ್ಷ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳೋ ಸಮಯ ಅಂತ ನಾನು ನೋಡ್ತೀನಿ. ಪಿಯುಸಿ ಆದ ತಕ್ಷಣ ಸಂವಿಧಾನ, ಕಾಂಟ್ರ್ಯಾಕ್ಟ್ ಲಾ ಇಂಗ್ಲಿಷ್ ಪುಸ್ತಕದಲ್ಲಿ ಹಿಡಿದು ಕೂತರೆ ಅರ್ಥ ಆಗೋ ಬದಲು ಬಾಯಿಪಾಠ ಶುರುವಾಗುತ್ತದೆ.

ಎರಡೂ ಕ್ಲಾಸಿನ ವಾತಾವರಣ ಕೂಡ ಬೇರೆ. ಐದು ವರ್ಷದ್ದರಲ್ಲಿ ಎಲ್ಲ ಒಂದೇ ವಯಸ್ಸಿನವರು, ಪಿಯು ಕಾಲೇಜೇ ಮುಂದುವರಿದ ಹಾಗೆ, ಮೂಟ್ ಕೋರ್ಟು (ಅಣಕು ಕೋರ್ಟು), ಫೆಸ್ಟು, ಗಲಾಟೆ. ಮೂರು ವರ್ಷದ್ದರಲ್ಲಿ ಇಪ್ಪತ್ತೊಂದರ ಹುಡುಗನ ಪಕ್ಕ ರಿಟೈರ್ ಆದ ಪೊಲೀಸ್ ಕೂತಿರುತ್ತಾರೆ, ಅವರ ಹಿಂದೆ ಮಾಜಿ ಸೈನಿಕರು, ಅವರ ಪಕ್ಕ ಗಂಡನ ಜೊತೆ ಜಮೀನಿನ ಕೇಸಿಗೆ ಓಡಾಡಿ ಓಡಾಡಿ ತಾನೇ ಓದಿಬಿಡ್ತೀನಿ ಅಂತ ಬಂದ ಗೃಹಿಣಿ. ಎಫ್‌ಐಆರ್ ಹೇಗೆ ಬರೀತಾರೆ ಅನ್ನೋದನ್ನು ಲೆಕ್ಚರರ್‌ಗಿಂತ ಚೆನ್ನಾಗಿ ಹಿಂದಿನ ಬೆಂಚಿನವರು ಹೇಳೋ ಕ್ಲಾಸು ಅದು. ನನಗೆ ಕೇಳಿದರೆ ಕಾನೂನು ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ವಯಸ್ಸಾಯ್ತು ಅಂತ ಹಿಂಜರಿಯೋರಿಗೆ ಒಂದು ಮಾತು. ಐದು ವರ್ಷದ್ದಕ್ಕೆ 20, ಮೂರು ವರ್ಷದ್ದಕ್ಕೆ 30 ಅಂತ ವಯಸ್ಸಿನ ಮಿತಿ ಹಾಕಿದ್ದ ನಿಯಮವನ್ನು ಬಾರ್ ಕೌನ್ಸಿಲ್ 2016ರಲ್ಲಿ ಮತ್ತೆ ಜಾರಿಗೆ ತರೋಕೆ ಹೊರಟಿತ್ತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದಕ್ಕೇ ಐವತ್ತು ದಾಟಿದವರೂ ಕ್ಲಾಸಿನಲ್ಲಿ ಕಾಣ್ತಾರೆ.

ಮಂಡ್ಯದಿಂದ ಮೈಸೂರಿಗೆ ಓಡಾಡಿ ಓದೋದು ಹೇಗೆ ಅಂತ ಹೆಣ್ಣುಮಕ್ಕಳ ಮನೆಯವರು ಕೇಳ್ತಾರೆ. 45 ಕಿಲೋಮೀಟರ್ ಚಿಲ್ಲರೆ. ಶಕ್ತಿ ಯೋಜನೆ ಬಂದ ಮೇಲೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಸ್ಟೆಲ್ ಸಿಗದಿದ್ದರೆ ಓದೇ ಬೇಡ ಅನ್ನೋ ಕಾಲ ಹೋಯ್ತು.

ಕೆಲಸ ಮಾಡ್ಕೊಂಡು ಓದಬಹುದಾ?

ಮೂರು ವರ್ಷದ್ದಕ್ಕೆ ಬರೋ ಅರ್ಧ ಜನ ಕೇಳೋದು ಇದನ್ನೇ. ನಿಯಮ ಏನು ಹೇಳುತ್ತೆ ಅಂದ್ರೆ, ಲಾ ಪೂರ್ಣಾವಧಿ ಕೋರ್ಸ್. ತರಗತಿ ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ವಾರಕ್ಕೆ 30 ಗಂಟೆ ತರಗತಿ, ಪ್ರತಿ ವಿಷಯಕ್ಕೂ ಶೇ 70 ಹಾಜರಾತಿ. ಹಳೇ ಕಾಲದ ಈವ್ನಿಂಗ್ ಲಾ ಕಾಲೇಜಿನ ಕಥೆ ಹೇಳೋ ಹಿರಿಯರ ಮಾತು ಕೇಳಬೇಡಿ, ಅದು ಮುಗಿದ ಕಥೆ. ಅಂಚೆ ಮೂಲಕ, ಆನ್‌ಲೈನ್ ಮೂಲಕ ಎಲ್‌ಎಲ್‌ಬಿ ಅಂತ ಯಾರಾದ್ರೂ ಜಾಹೀರಾತು ತೋರಿಸಿದರೆ ಅದರಿಂದ ಸನ್ನದು ಬರಲ್ಲ, ಅಲ್ಲಿಗೆ ಮಾತು ಮುಗೀತು. ಒಟ್ಟಿಗೆ ಎರಡು ರೆಗ್ಯುಲರ್ ಕೋರ್ಸ್ ಮಾಡೋದಕ್ಕೂ ಅವಕಾಶ ಇಲ್ಲ, ಅಂದ್ರೆ ಎಲ್‌ಎಲ್‌ಬಿ ಜೊತೆಗೆ ಎಂಎ ಕೂಡ ಕ್ಲಾಸಿಗೆ ಹೋಗಿ ಮಾಡ್ತೀನಿ ಅನ್ನೋ ಹಾಗಿಲ್ಲ.

"ಹಾಜರಾತಿ ಹೇಗೋ ಆಗುತ್ತೆ ಬಿಡಿ ಸಾರ್" ಅನ್ನೋರೂ ಇದ್ದಾರೆ. ಆಗಬಹುದು. ಆದರೆ ಕ್ಲಾಸಿಗೆ ಹೋಗದೆ ಸಿವಿಲ್ ಪ್ರೊಸೀಜರ್ ಕಲಿತವರನ್ನು ನಾನಂತೂ ನೋಡಿಲ್ಲ, ಮೊದಲನೇ ದಿನವೇ ಕೋರ್ಟಲ್ಲಿ ಗೊತ್ತಾಗಿಬಿಡುತ್ತೆ. ಸರ್ಕಾರಿ ಕೆಲಸದಲ್ಲಿರೋರಿಗೆ ಇನ್ನೊಂದು ವಿಷಯ. ಡಿಗ್ರಿ ಪಡೆಯಬಹುದು, ಆದರೆ ಸಂಬಳದ ಪೂರ್ಣಾವಧಿ ನೌಕರಿಯಲ್ಲಿ ಇರೋವರೆಗೆ ವಕೀಲಿ ಮಾಡೋ ಹಾಗಿಲ್ಲ.

ಮುಕ್ತ ವಿಶ್ವವಿದ್ಯಾಲಯದ ಗೊಂದಲವೊಂದು ನಮ್ಮೂರಲ್ಲಿ ವಿಶೇಷವಾಗಿ ಇದೆ, ಮುಕ್ತಗಂಗೋತ್ರಿ ಮೈಸೂರಲ್ಲೇ ಇರೋದರಿಂದ. ಎಸ್ಸೆಸ್ಸೆಲ್ಸಿ, ಪಿಯುಸಿ ಕ್ರಮವಾಗಿ ಮುಗಿಸಿ, ಆಮೇಲೆ ದೂರಶಿಕ್ಷಣದಲ್ಲಿ ಬಿಎ ಮಾಡಿದ್ದರೆ ಏನೂ ತೊಂದರೆ ಇಲ್ಲ, ಮೂರು ವರ್ಷದ್ದಕ್ಕೆ ಅರ್ಹರು. ಆದರೆ ಪಿಯುಸಿ ಇಲ್ಲದೆ, ವಯಸ್ಸಿನ ಆಧಾರದ ಮೇಲೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ ಪಡೆದವರನ್ನು ನಿಯಮ ಒಪ್ಪಲ್ಲ. ಕೆಲವರು ಸೇರಿ, ಓದಿ, ಪಾಸಾಗಿ, ಕೊನೆಗೆ ಸನ್ನದು ಪಡೆಯೋ ಹೊತ್ತಿಗೆ ಇದು ತಲೆ ಎತ್ತಿ ನಿಲ್ಲುತ್ತೆ. ಮೂಲ ದಾಖಲೆಗಳನ್ನು ಸೇರೋ ಮುಂಚೆಯೇ ಜೋಡಿಸಿ ನೋಡಿಕೊಳ್ಳಿ.

ಮೊದಲು ಯಾವ ಡಿಗ್ರಿ?

ಡಿಗ್ರಿ ಮೊದಲು ಅಂತ ತೀರ್ಮಾನ ಆದರೆ ಯಾವ ಡಿಗ್ರಿ ಅನ್ನೋದನ್ನು ಹಗುರವಾಗಿ ತಗೋಬೇಡಿ. ಬಿಕಾಂ ಮಾಡಿದವರಿಗೆ ಜಿಎಸ್‌ಟಿ, ಆದಾಯ ತೆರಿಗೆ, ಕಂಪನಿ ಕೇಸು, ಚೆಕ್ ಬೌನ್ಸ್ ಕೇಸಿನ ಲೆಕ್ಕ ಪುಸ್ತಕ, ಇವುಗಳ ಭಯ ಇರಲ್ಲ. ಸೈನ್ಸ್ ಅಥವಾ ಎಂಜಿನಿಯರಿಂಗ್ ಡಿಗ್ರಿ ಇದ್ದವರಿಗೆ ಮಾತ್ರ ತೆರೆಯೋ ಒಂದು ಬಾಗಿಲಿದೆ: ಪೇಟೆಂಟ್ ಏಜೆಂಟ್ ಪರೀಕ್ಷೆ. ಬಿಎ ಎಲ್‌ಎಲ್‌ಬಿ ಮಾಡಿದವರು ಎಷ್ಟೇ ಬುದ್ಧಿವಂತರಾದರೂ ಅದಕ್ಕೆ ಕೂರೋಕಾಗಲ್ಲ, ಅಲ್ಲಿ ವಿಜ್ಞಾನ ಇಲ್ಲ ತಂತ್ರಜ್ಞಾನದ ಡಿಗ್ರಿ ಬೇಕೇ ಬೇಕು. ಬಿಎಸ್ಸಿ ಮುಗಿಸಿ ಮುಂದೇನು ಅಂತ ಕೂತಿರೋ ಯುವರಾಜ ಕಾಲೇಜಿನ ಮಕ್ಕಳು ಇದನ್ನೊಮ್ಮೆ ಯೋಚಿಸಬಹುದು. ಬಿಎ ಮಾಡೋರು ರಾಜ್ಯಶಾಸ್ತ್ರ, ಇತಿಹಾಸ ತಗೊಂಡರೆ ಕೆಎಎಸ್‌ಗೂ ಆಯ್ತು, ಸಂವಿಧಾನ ಓದೋಕೂ ಆಯ್ತು.

ಸನ್ನದು ಸಿಕ್ಕ ಮೇಲಿನ ಮೂರು ವರ್ಷ

ನನ್ನ ಪ್ರಕಾರ ಲೆಕ್ಕ ಶುರು ಮಾಡಬೇಕಾದ್ದು ಇಲ್ಲಿಂದ. ಐದು ವರ್ಷನೋ ಆರು ವರ್ಷನೋ ಅಂತ ತಲೆ ಕೆಡಿಸಿಕೊಳ್ಳೋರು ಅದರ ಮುಂದಿನ ಮೂರು ವರ್ಷವನ್ನು ಮರೆತೇ ಬಿಟ್ಟಿರ್ತಾರೆ.

ಸನ್ನದಿನ ಫೀಸು ಈಗ ದೊಡ್ಡ ಹೊರೆಯಲ್ಲ. ಕಾನೂನಿನಲ್ಲಿ ಇರೋದು 750 ರೂಪಾಯಿ, ಎಸ್‌ಸಿ ಎಸ್‌ಟಿಗೆ 125. ರಾಜ್ಯಗಳ ಪರಿಷತ್ತುಗಳು ಇದರ ಮೇಲೆ ಸಾವಿರಗಟ್ಟಲೆ ಸೇರಿಸಿ ವಸೂಲಿ ಮಾಡುತ್ತಿದ್ದವು, 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹಾಗೆ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ, 100 ಪ್ರಶ್ನೆ, ತಪ್ಪಿಗೆ ಕಡಿತ ಇಲ್ಲ, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಬಹುದು, ಕನ್ನಡದಲ್ಲೂ ಬರೆಯಬಹುದು. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ 45, ಎಸ್‌ಸಿ ಎಸ್‌ಟಿಗೆ 40 ಬಂದರೆ ಪಾಸು. ಇದರ ಬಗ್ಗೆ ಭಯ ಬೇಡ.

ಭಯ ಬೇಕಾದ್ದು ಜೂನಿಯರ್ ಆಗಿರೋ ಕಾಲದ ಬಗ್ಗೆ. ಬೆಳಗ್ಗೆ ಸೀನಿಯರ್ ಆಫೀಸಿಗೆ ಹೋಗಿ ಡೈರಿ ನೋಡಿ ಫೈಲ್ ಜೋಡಿಸೋದು, ಹನ್ನೊಂದಕ್ಕೆ ಕೋರ್ಟ್ ಹಾಲಿನಲ್ಲಿ ಕೇಸ್ ಕೂಗಿದಾಗ ನಿಂತು ಟೈಂ ಕೇಳೋದು, ಮಧ್ಯಾಹ್ನ ಕಾಪಿ ಸೆಕ್ಷನ್‌ನಲ್ಲಿ ಸರ್ಟಿಫೈಡ್ ಕಾಪಿಗೆ ಕಾಯೋದು, ಸಂಜೆ ಕಕ್ಷಿದಾರರ ಮುಂದೆ ಕೂತು ಬರೆದುಕೊಳ್ಳೋದು. ಭಾಗದ ದಾವೆ, ಅಂದ್ರೆ ಮನೆತನದ ಆಸ್ತಿಯಲ್ಲಿ ಪಾಲು ಕೇಳೋ ಕೇಸು, ಬಂತು ಅನ್ನಿ. ನಮ್ಮ ಎರಡೂ ಜಿಲ್ಲೆಗಳ ಸಿವಿಲ್ ಕೋರ್ಟುಗಳಲ್ಲಿ ಇದು ದಿನಾ ಇರುತ್ತೆ. ಅಜ್ಜನ ಕಾಲದಿಂದ ವಂಶವೃಕ್ಷ ಬರೀಬೇಕು, ಯಾರು ಯಾವಾಗ ತೀರಿಕೊಂಡರು, ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರಾ ನೋಡಬೇಕು, ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸೊಸೈಟಿ ಸಾಲ ಇದೆಯಾ, 12ರಲ್ಲಿ ಯಾರು ಬೆಳೆ ಇಟ್ಟಿದ್ದಾರೆ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಕ್ರಯಪತ್ರಕ್ಕೆ ಹೊಂದುತ್ತಾ, ಒಂದೊಂದಾಗಿ ತಾಳೆ ಹಾಕಬೇಕು. ಇದನ್ನು ಐದು ವರ್ಷದವರೂ ಕಲಿಯಬೇಕು, ಮೂರು ವರ್ಷದವರೂ ಕಲಿಯಬೇಕು. ಇಲ್ಲಿ ಇಬ್ಬರೂ ಒಂದನೇ ಕ್ಲಾಸು. ರೈತರ ಮನೆಯಿಂದ ಬಂದವರು ಸ್ವಲ್ಪ ಮುಂದಿರ್ತಾರೆ, ಅಷ್ಟೇ.

ಈ ಕಾಲದಲ್ಲಿ ಕೈಗೆ ಬರೋದು ಕಡಿಮೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ಕೊಡಿ ಅಂತ ಬಾರ್ ಕೌನ್ಸಿಲ್ 2024ರಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯ ಅಲ್ಲ. ಪೆಟ್ರೋಲ್ ಖರ್ಚು, ಮಧ್ಯಾಹ್ನದ ಊಟ ಕೊಟ್ಟರೆ ಸಾಕು ಅನ್ನೋ ಆಫೀಸುಗಳು ಬೇಕಾದಷ್ಟಿವೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ, ಅರ್ಹತೆ ಇದ್ದವರು ತಪ್ಪದೆ ಅರ್ಜಿ ಹಾಕಿ, ಎಷ್ಟೋ ಜನ ಗೊತ್ತಿಲ್ಲದೆ ಬಿಟ್ಟುಬಿಡ್ತಾರೆ.

ಜಡ್ಜ್ ಆಗೋ ಆಸೆ ಇದ್ದವರಿಗೂ ಈಗ ಈ ಮೂರು ವರ್ಷ ತಪ್ಪಲ್ಲ. ಮುಂಚೆ ಲಾ ಮುಗಿದ ತಕ್ಷಣ ಸಿವಿಲ್ ಜಡ್ಜ್ ಪರೀಕ್ಷೆ ಬರೆಯಬಹುದಿತ್ತು. ಇಪ್ಪತ್ತಮೂರಕ್ಕೇ ಮುಗಿಸೋ ಐದು ವರ್ಷದ ಮಕ್ಕಳಿಗೆ ಅದು ದೊಡ್ಡ ಅನುಕೂಲ ಆಗಿತ್ತು, ಕೋಚಿಂಗ್‌ನವರು ಹೇಳುತ್ತಿದ್ದದ್ದೂ ಅದನ್ನೇ. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಲೇಬೇಕು ಅಂತ ಹೇಳಿತು. ಲೆಕ್ಕ ಶುರುವಾಗೋದು ಬಾರ್ ಪರೀಕ್ಷೆಗೂ ಮುಂಚೆ ರಾಜ್ಯ ಪರಿಷತ್ತಿನಲ್ಲಿ ಆಗೋ ತಾತ್ಕಾಲಿಕ ನೋಂದಣಿ ದಿನದಿಂದ. ಹಾಗಾಗಿ ಐದು ವರ್ಷದವರು ಇಪ್ಪತ್ತಾರಕ್ಕೆ ಬರೆಯಬಹುದು, ಡಿಗ್ರಿ ಆಮೇಲೆ ಲಾ ಅಂದವರು ಇಪ್ಪತ್ತೇಳಕ್ಕೆ. ಒಂದು ವರ್ಷದ ವ್ಯತ್ಯಾಸ ಈಗಲೂ ಇದೆ, ಆದರೆ ಓಡಿ ಹೋಗಿ ಕುರ್ಚಿ ಹಿಡಿಯೋ ಆಟ ಮುಗೀತು. ವಕೀಲರು ನೇರ ನೇಮಕಾತಿಯಲ್ಲಿ ಜಿಲ್ಲಾ ನ್ಯಾಯಾಧೀಶರಾಗೋಕೆ ಮೊದಲಿಂದಲೂ ಏಳು ವರ್ಷದ ವಕೀಲಿ ಬೇಕು.

ಈ ಮೂರು ವರ್ಷ ಮನೆಯಲ್ಲಿ ಅನ್ನ ಹಾಕೋರು ಯಾರು? ಮನೆಗೆ ಮಗನ ಸಂಬಳ ಬೇಕೇ ಬೇಕು ಅನ್ನೋ ಪರಿಸ್ಥಿತಿ ಇದ್ದರೆ, ಡಿಗ್ರಿ ಮುಗಿಸಿ ಒಂದೆರಡು ವರ್ಷ ದುಡಿದು, ಸ್ವಲ್ಪ ಕೂಡಿಟ್ಟು ಲಾಗೆ ಬರೋದು ಬುದ್ಧಿವಂತಿಕೆ. ಮೂರು ವರ್ಷದ ದಾರಿ ಈ ಅವಕಾಶ ಕೊಡುತ್ತೆ, ಐದು ವರ್ಷದ್ದು ಕೊಡಲ್ಲ. ಮನೆಯಲ್ಲಿ ತಡೆದುಕೊಳ್ಳೋ ಶಕ್ತಿ ಇದೆ, ಹುಡುಗಿ ಗಟ್ಟಿ ಇದಾಳೆ ಅಂದ್ರೆ ಐದು ವರ್ಷದ್ದಕ್ಕೆ ಹಾಕಿ, ಒಂದು ವರ್ಷ ಮೊದಲೇ ಕೋರ್ಟ್ ಮೆಟ್ಟಿಲು ಹತ್ತಲಿ.

ಗಟ್ಟಿ ಇದಾಳಾ ಇಲ್ವಾ ಅಂತ ತಿಳಿಯೋಕೆ ದುಡ್ಡು ಖರ್ಚಿಲ್ಲದ ದಾರಿ ಒಂದಿದೆ. ಕೋರ್ಟ್ ಹಾಲ್ ಸಾರ್ವಜನಿಕರಿಗೆ ತೆರೆದಿರುತ್ತೆ, ಗುಟ್ಟಾಗಿ ನಡೆಸೋ ಕೆಲವು ಕೇಸು ಬಿಟ್ಟರೆ. ಮೊಬೈಲ್ ಸೈಲೆಂಟ್ ಮಾಡಿ ಹಿಂದಿನ ಬೆಂಚಲ್ಲಿ ಕೂತರೆ ಯಾರೂ ಏನೂ ಅನ್ನಲ್ಲ. ಮೈಸೂರಿನವರು ಮಳಲವಾಡಿ ಕೋರ್ಟಿಗೆ, ಮಂಡ್ಯದವರು ಜಿಲ್ಲಾ ಕೋರ್ಟಿಗೆ ಹೋಗಿ ಒಂದು ವಾರ ಬೆಳಗ್ಗಿಂದ ಸಂಜೆವರೆಗೆ ಕೂತು ಬರಲಿ. ಕ್ರಾಸ್ ಎಗ್ಸಾಮಿನೇಷನ್ (ಪಾಟಿ ಸವಾಲು) ಸಿನಿಮಾದಲ್ಲಿ ಇದ್ದ ಹಾಗೆ ಇರಲ್ಲ, ಒಂದು ಸರ್ವೆ ನಂಬರ್ ಮೇಲೆ ಅರ್ಧ ಗಂಟೆ ಹೋಗುತ್ತೆ. ಅದನ್ನು ನೋಡಿ ಆಕಳಿಸಿದರೆ ಬಿಕಾಂ ಅರ್ಜಿ ತನ್ನಿ. ಮನೆಗೆ ಬಂದು "ಆ ಸಾಕ್ಷಿ ಸುಳ್ಳು ಹೇಳ್ತಿದ್ದ, ಲಾಯರ್ ಇದನ್ನ ಕೇಳಬೇಕಿತ್ತು" ಅಂತ ಶುರು ಮಾಡಿದರೆ ಐದು ವರ್ಷದ್ದಕ್ಕೆ ಹಾಕಿಬಿಡಿ. ಫೀಸು ಕಟ್ಟೋ ಮುಂಚೆ ಮಾತ್ರ ಆ ಕಾಲೇಜಿಗೆ, ನೀವು ಸೇರೋ ಅದೇ ಕೋರ್ಸ್‌ಗೆ, ಬಾರ್ ಕೌನ್ಸಿಲ್ ಅನುಮೋದನೆ ಯಾವ ವರ್ಷದವರೆಗೆ ಇದೆ ಅಂತ ಪತ್ರ ತೋರಿಸೋಕೆ ಹೇಳಿ.